ಹಣ ಹಂಚುವ ಕುರ್ಚಿಗೆ ಓಟು ಯಾಕಿಲ್ಲ?

ಒಂದು ಸಣ್ಣ ಕ್ವಿಜ್. ನಿಮ್ಮ ಊರಿನ ಶಾಸಕರ ಹೆಸರೇನು? ಥಟ್ ಅಂತ ಹೇಳ್ತೀರಿ. ಸಂಸದರು? ಅದೂ ಗೊತ್ತು. ಸರಿ, ನಿಮ್ಮ ಭಾಗದ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು?

ಗೂಗಲ್ ಮಾಡೋಕೆ ಹೋಗಬೇಡಿ. ಉತ್ತರ ಬಹಳ ಸುಲಭ: ಯಾರೂ ಇಲ್ಲ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಆಗ ಗೆದ್ದವರ ಅವಧಿ 2021ರಲ್ಲಿ ಮುಗಿದುಹೋಯಿತು. ನಾನು ಇದನ್ನು ಬರೆಯುತ್ತಿರುವುದು 2025ರ ಕೊನೆಯಲ್ಲಿ. ಇಷ್ಟು ವರ್ಷವೂ ಆ ಕುರ್ಚಿಗಳಲ್ಲಿ ಜನ ಆರಿಸಿದ ಒಬ್ಬರೂ ಕೂತಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಇದ್ದಾರೆ. ಅವರ ಹೆಸರು ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಅವರಿಗೆ ಇಲ್ಲ.

ನಾನು ಜೇವರ್ಗಿ ತಾಲ್ಲೂಕಿನವನು. ಅನ್ನ ಹುಟ್ಟುವುದು ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ, ಓಟು ಇರುವುದು ಭೀಮಾ ದಂಡೆಯಲ್ಲಿ. ಆದ್ದರಿಂದ ಈ ಲೇಖನದಲ್ಲಿ ನನ್ನ ಊರು, ಅದರ ಸುತ್ತಲಿನ ಆಳಂದ, ಅಫಜಲಪುರ ಬರುತ್ತವೆ. ಈ ಮೂರನ್ನೇ ಹಿಡಿದದ್ದಕ್ಕೆ ಬರೀ ಊರ ಪ್ರೀತಿ ಕಾರಣ ಅಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತ್ತು. ಅದರಲ್ಲಿ 21 ತಾಲ್ಲೂಕು ಕಲಬುರಗಿ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಸರ್ಕಾರದ ಒಂದು ರೂಪಾಯಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಜಯನಗರದವರಿಗೆ ಟ್ವೀಟ್ ಮಾಡುವ ವಿಷಯ ಇರಬಹುದು. ನಮಗೆ ಅದು ಊರಿನ ಶಾಲೆಗೆ ಛಾವಣಿ ಬರುತ್ತದೋ ಇಲ್ಲವೋ ಅನ್ನುವ ವಿಷಯ.

ಈಗ ರೂಪಾಯಿಗೆ ಬರೋಣ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿ, ಮಲ್ಲಿಕಾರ್ಜುನ ಖರ್ಗೆಯವರಂಥವರು ದಿಲ್ಲಿಯಲ್ಲಿ ಬೆನ್ನು ಹತ್ತಿ ತಂದದ್ದು ಇದು. ಅದರ ಅಡಿಯಲ್ಲಿ ನಮ್ಮ ಭಾಗಕ್ಕೊಂದು ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. ಇವತ್ತಿನ ಹೆಸರು ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ. ಬೀದರಿನಿಂದ ಬಳ್ಳಾರಿ, ವಿಜಯನಗರದವರೆಗೆ 7 ಜಿಲ್ಲೆ, 41 ವಿಧಾನಸಭಾ ಕ್ಷೇತ್ರ. ಈಚಿನ ಬಜೆಟ್‌ಗಳಲ್ಲಿ ಇದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗುತ್ತಿದೆ.

ಈ ಮಂಡಳಿಯ ಅಧ್ಯಕ್ಷರನ್ನು ಆರಿಸುವವರು ಯಾರು? ಆರಿಸುವುದು ಅಂತ ಏನೂ ಇಲ್ಲ, ಸರ್ಕಾರ ನೇಮಿಸುತ್ತದೆ. ಒಮ್ಮೆ ಸಚಿವರು ಆ ಕುರ್ಚಿಯಲ್ಲಿದ್ದರು, ಆಮೇಲೆ ಶಾಸಕರು. ಬಿಜೆಪಿ ಸರ್ಕಾರ ಇದ್ದಾಗ ಕಲಬುರಗಿ ದಕ್ಷಿಣದ ದತ್ತಾತ್ರೇಯ ಪಾಟೀಲ ರೇವೂರ ಅಧ್ಯಕ್ಷರು. 2023ರಲ್ಲಿ ಸರ್ಕಾರ ಬದಲಾಯಿತು, ಜೇವರ್ಗಿಯ ಡಾ. ಅಜಯ್ ಸಿಂಗ್ ಅಧ್ಯಕ್ಷರಾದರು. ರೇವೂರರು ಕೆಲಸ ಚೆನ್ನಾಗಿ ಮಾಡಿದ್ದರೋ ಇಲ್ಲವೋ, ಅಜಯ್ ಸಿಂಗ್ ಚೆನ್ನಾಗಿ ಮಾಡುತ್ತಿದ್ದಾರೋ ಇಲ್ಲವೋ, ಅದು ಕುರ್ಚಿಯ ಲೆಕ್ಕಕ್ಕೆ ಬರಲೇ ಇಲ್ಲ. ವಿಧಾನಸೌಧದಲ್ಲಿ ಬಾವುಟ ಬದಲಾದರೆ ಐವಾನ್-ಎ-ಶಾಹಿಯಲ್ಲಿ ಹೆಸರಿನ ಫಲಕ ಬದಲಾಗುತ್ತದೆ. ಅಷ್ಟೇ ಕಥೆ.

“ಅಲ್ಲಪ್ಪ, ಅಧ್ಯಕ್ಷರು ಶಾಸಕರೇ ತಾನೇ? ಶಾಸಕರನ್ನು ಜನಾನೇ ಆರಿಸಿದ್ದಲ್ವಾ?” ಅಂತ ಆಫೀಸಿನ ಗೆಳೆಯನೊಬ್ಬ ಕೇಳಿದ. ಒಳ್ಳೆ ಪ್ರಶ್ನೆ. ಅಜಯ್ ಸಿಂಗ್ ಅವರನ್ನು ಜೇವರ್ಗಿಯ ಮತದಾರರು 2013, 2018, 2023ರಲ್ಲಿ ಮೂರು ಸಲ ಗೆಲ್ಲಿಸಿದ್ದಾರೆ, ನಿಜ. ಆದರೆ ಗೆಲ್ಲಿಸಿದ್ದು ಶಾಸಕ ಸ್ಥಾನಕ್ಕೆ, ಜೇವರ್ಗಿಗೆ. ಮಂಡಳಿಯ ಹಣ ಅಫಜಲಪುರಕ್ಕೂ ಹೋಗಬೇಕು, ಔರಾದಕ್ಕೂ ಹೋಗಬೇಕು, ದೇವದುರ್ಗಕ್ಕೂ ಹೋಗಬೇಕು. ದೇವದುರ್ಗದ ಮತದಾರನಿಗೆ ಅಧ್ಯಕ್ಷರ ಕೆಲಸ ಹಿಡಿಸದಿದ್ದರೆ ಅವನು ಏನು ಮಾಡಬೇಕು? ಜೇವರ್ಗಿಗೆ ಬಂದು ಓಟು ಹಾಕೋಕಾಗುತ್ತಾ? ನನ್ನ ತಕರಾರು ಕುರ್ಚಿಯಲ್ಲಿ ಕೂತವರ ಬಗ್ಗೆ ಅಲ್ಲ, ಕುರ್ಚಿಗೆ ಹೋಗುವ ಮೆಟ್ಟಿಲಿನ ಬಗ್ಗೆ. ಆ ಮೆಟ್ಟಿಲು ಬೆಂಗಳೂರಿನಲ್ಲಿದೆ.

ಮನುಷ್ಯ ಸ್ವಭಾವ ಸರಳ. ನೇಮಕ ಆದವನ ಕಣ್ಣು ನೇಮಿಸಿದವನ ಮುಖದ ಮೇಲೆ ಇರುತ್ತದೆ. ನಮ್ಮ ಕಂಪನಿಗಳಲ್ಲೂ ಹಾಗೇ ಅಲ್ವಾ? ಅಪ್ರೈಸಲ್ ಬರೆಯುವ ಮ್ಯಾನೇಜರ್‌ನ ಮೇಲ್‌ಗೆ ರಾತ್ರಿ ಹನ್ನೊಂದಕ್ಕೂ ಉತ್ತರ ಕೊಡ್ತೀವಿ. ಗ್ರಾಹಕನ ದೂರು ಟಿಕೆಟ್ ಸಂಖ್ಯೆಯಾಗಿ ಸಾಲಿನಲ್ಲಿ ನಿಂತಿರುತ್ತದೆ. ಜನರ ಕೈಯಲ್ಲಿ ಅಪ್ರೈಸಲ್ ಇಲ್ಲದ ಕುರ್ಚಿಯಿಂದ ಜನರಿಗೆ ಉತ್ತರ ಬರಲಿ ಅನ್ನುವುದು ದುರಾಸೆ.

ಈ ರೋಗ ಒಂದು ಮಂಡಳಿಗೆ ಸೀಮಿತ ಅಲ್ಲ. ರಾಜ್ಯದಲ್ಲಿ ‘ನಿಗಮ-ಮಂಡಳಿ’ ಅನ್ನುವ ಜೋಡಿಪದವೇ ಇದೆ. ಅದರ ಅರ್ಥ ನಿಘಂಟಿನಲ್ಲಿ ಏನೇ ಇರಲಿ, ರಾಜಕೀಯದಲ್ಲಿ ಅದರ ಅರ್ಥ: ಮಂತ್ರಿ ಸ್ಥಾನ ಸಿಗದವರ ಸಮಾಧಾನಕ್ಕೆ ಕೊಡುವ ಕಾರು. 2024ರ ಜನವರಿಯಲ್ಲಿ ಒಂದೇ ಪಟ್ಟಿಯಲ್ಲಿ 30ಕ್ಕೂ ಹೆಚ್ಚು ಶಾಸಕರಿಗೆ ಇಂಥ ಹುದ್ದೆ ಹಂಚಲಾಯಿತು. ಯಾವ ಪಕ್ಷದ ಸರ್ಕಾರ ಇದ್ದರೂ ಪಟ್ಟಿ ಇದ್ದದ್ದೇ. ಮನೆ ಕೊಡುವುದು, ಸಾಲ ಕೊಡುವುದು, ಬೀಜ ಕೊಡುವುದು, ಬೋರ್‌ವೆಲ್ ಕೊರೆಸುವುದು, ಇಂಥ ದಿನನಿತ್ಯದ ಕೆಲಸಗಳೆಲ್ಲ ಈ ನಿಗಮಗಳ ಕೈಯಲ್ಲಿವೆ.

ಇದರ ಫಲ ಏನು ಅಂತ ಆಳಂದದ ಶಾಸಕರೇ ಹೇಳಿದ್ದಾರೆ. 2025ರ ಜೂನ್‌ನಲ್ಲಿ ಬಿ.ಆರ್. ಪಾಟೀಲರ ಫೋನ್ ಮಾತುಕತೆಯೊಂದು ಹೊರಬಿತ್ತು. ರಾಜೀವ್ ಗಾಂಧಿ ವಸತಿ ನಿಗಮದಿಂದ ಬರುವ ಮನೆಗಳು ತಮ್ಮ ಕ್ಷೇತ್ರದಲ್ಲಿ ದುಡ್ಡು ಕೊಟ್ಟ ಪಂಚಾಯಿತಿಗಳಿಗೆ ಹೋಗುತ್ತಿವೆ ಅನ್ನುವುದು ಅವರ ಆರೋಪ. ಸರ್ಕಾರದ ಕಡೆಯವರು ಅದನ್ನು ಅಲ್ಲಗಳೆದರು. ಆರೋಪ ನಿಜವೋ ಸುಳ್ಳೋ, ನಾನು ತೀರ್ಪು ಕೊಡುವವನಲ್ಲ. ನನಗೆ ಅದರಲ್ಲಿ ಕಂಡದ್ದು ಬೇರೆ. ಹಲವು ಸಲ ಗೆದ್ದ, ಆಳುವ ಪಕ್ಷದ, ಮುಖ್ಯಮಂತ್ರಿಯ ರಾಜಕೀಯ ಸಲಹೆಗಾರರೂ ಆಗಿದ್ದ ಒಬ್ಬ ಹಿರಿಯ ಶಾಸಕ, ತನ್ನ ತಾಲ್ಲೂಕಿನ ಮನೆಗಳ ಬಗ್ಗೆ ಬೆಂಗಳೂರಿನ ಒಂದು ಕಚೇರಿಗೆ ಫೋನ್ ಮಾಡಿ ಜಗಳ ಆಡಬೇಕು! ಚುನಾಯಿತನಾದ ಅವರ ಗತಿಯೇ ಹೀಗಾದರೆ ಗುಡಿಸಲಿನಲ್ಲಿ ಕೂತು ಮನೆಗೆ ಅರ್ಜಿ ಹಾಕಿದ ಅವ್ವನ ಗತಿ ಏನು?

ಪ್ರವಾಹದ ವಿಷಯಕ್ಕೆ ಬರ್ತೀನಿ. ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ ಉಜನಿಯಿಂದ ನೀರು ಬಿಟ್ಟರೆ, ಸೊನ್ನ ಬ್ಯಾರೇಜಿನ ಗೇಟು ತೆರೆದರೆ, ಅಫಜಲಪುರ ಮತ್ತು ಜೇವರ್ಗಿಯ ದಂಡೆಯ ಹಳ್ಳಿಗಳಲ್ಲಿ ತೊಗರಿ ಹೊಲ ಕೆರೆಯಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಹಾಗಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಆಯಿತು. ನೀರಿಗೆ ಚುನಾವಣೆ, ನೇಮಕ ಅಂತ ಭೇದ ಇಲ್ಲ, ಒಪ್ಪುತ್ತೇನೆ. ಆದರೆ ಈ ಎರಡು ಪ್ರವಾಹದ ನಡುವೆ ಒಂದು ವ್ಯತ್ಯಾಸ ಇದೆ. 2020ರಲ್ಲಿ ನಮ್ಮ ಹೋಬಳಿಗೆ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ, ತಾಲ್ಲೂಕು ಪಂಚಾಯಿತಿ ಸದಸ್ಯರು ಇದ್ದರು. 2025ರಲ್ಲಿ ಗ್ರಾಮ ಪಂಚಾಯಿತಿ ದಾಟಿದರೆ ಮುಂದಿನ ಚುನಾಯಿತ ವ್ಯಕ್ತಿ ನೇರವಾಗಿ ಶಾಸಕರೇ. ನಡುವೆ ಎರಡು ಮೆಟ್ಟಿಲು ಕಿತ್ತುಹಾಕಿದ್ದಾರೆ. ನಮ್ಮ ಕಾಕಾ ಫೋನಿನಲ್ಲಿ ಹೇಳಿದ್ದು ಇಷ್ಟು: “ಮೊದಲ ಮೆಂಬರ್ ಇದ್ದಾಗ ಅವನ ಮನಿ ಮುಂದ ಹೋಗಿ ಬೈದಾದ್ರೂ ಬರ್ತಿದ್ವಿ. ಈಗ ಯಾರಿಗಿ ಬೈಬೇಕೋ ತಮ್ಮಾ?”

ಪ್ರಜಾಪ್ರಭುತ್ವದ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಿಗಿಂತ ಈ ಮಾತು ನನಗೆ ಸರಿ ಅನಿಸಿತು. ಬೈಯಲು ಒಂದು ವಿಳಾಸ ಬೇಕು. ಐದು ವರ್ಷಕ್ಕೊಮ್ಮೆ ಆ ವಿಳಾಸ ಬದಲಿಸುವ ಹಕ್ಕು ಬೇಕು.

ಹಾಗಂತ ಎಲ್ಲ ಹುದ್ದೆಗೂ ಚುನಾವಣೆ ನಡೆಸಿ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರಿಗೂ ಚುನಾವಣೆ ನಡೆಯುತ್ತದೆ. ಪೊಲೀಸ್ ಮುಖ್ಯಸ್ಥ ಶೆರಿಫ್‌ನನ್ನು ಜನ ಆರಿಸುತ್ತಾರೆ. ಅನುಮಾನಾಸ್ಪದ ಸಾವುಗಳನ್ನು ತನಿಖೆ ಮಾಡುವ ಕೊರೋನರ್ ಹುದ್ದೆಗೂ ಅನೇಕ ಕಡೆ ಓಟು! ತೀರ್ಪು ಕೊಡುವವನು ಮುಂದಿನ ಚುನಾವಣೆಯ ದೇಣಿಗೆ ಲೆಕ್ಕ ಹಾಕುತ್ತಾ ಕೂತರೆ ಅದು ನಮಗೆ ಬೇಡ. ಇಂಗ್ಲೆಂಡಿನಲ್ಲಿ 2012ರಲ್ಲಿ ಪೊಲೀಸ್ ಮೇಲ್ವಿಚಾರಣೆಗೆ ಹೊಸದಾಗಿ ಚುನಾಯಿತ ಕಮಿಷನರ್ ಹುದ್ದೆ ಸೃಷ್ಟಿಸಿದರು. ಮೊದಲ ಚುನಾವಣೆಯಲ್ಲಿ ಮತ ಹಾಕಿದವರು ಸುಮಾರು 15 ಶೇಕಡಾ. ಹುದ್ದೆ ಏನು ಮಾಡುತ್ತದೆ ಅಂತ ಜನರಿಗೆ ಗೊತ್ತಿಲ್ಲದಿದ್ದರೆ ಓಟಿಗೂ ಬೆಲೆ ಇಲ್ಲ.

ನಾನು ಹೇಳುವ ಗೆರೆ ಒಂದೇ. ಹಣ ಯಾವ ಊರಿಗೆ ಮೊದಲು ಹೋಗಬೇಕು ಅಂತ ತೀರ್ಮಾನಿಸುವ ಕುರ್ಚಿಗೆ ಚುನಾವಣೆ. ಹೋದ ಹಣ ಕೆಲಸ ಆಯಿತೇ, ಲೆಕ್ಕ ಸರಿಯೇ, ಸಿಮೆಂಟು ಗಟ್ಟಿಯೇ ಅಂತ ನೋಡುವ ಕುರ್ಚಿಗೆ ನೇಮಕ. ಎಂಜಿನಿಯರ್, ವೈದ್ಯ, ಲೆಕ್ಕಪರಿಶೋಧಕ, ಜಿಲ್ಲಾಧಿಕಾರಿ, ಚುನಾವಣಾ ಅಧಿಕಾರಿ ಇವರೆಲ್ಲ ಪರೀಕ್ಷೆ ಬರೆದು, ಅರ್ಹತೆಯಿಂದ ಬರಲಿ. ಅವರಿಗೆ ಓಟಿನ ಭಯ ಇರಬಾರದು. ಶಾಲೆ ಮೊದಲೋ, ಸಮುದಾಯ ಭವನ ಮೊದಲೋ ಅನ್ನುವುದು ಪರೀಕ್ಷೆಯಿಂದ ತಿಳಿಯುವ ವಿಷಯ ಅಲ್ಲ. ಅದು ಆಯ್ಕೆ. ಆಯ್ಕೆ ಮಾಡುವವರನ್ನು ನಾವು ಆಯ್ಕೆ ಮಾಡಬೇಕು.

ಈ ಗೆರೆಯ ಎರಡೂ ಕಡೆ ಯಾಕೆ ಬೇಕು ಅನ್ನುವುದಕ್ಕೆ ಆಳಂದವೇ ಸಾಕ್ಷಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ 6,018 ಮತದಾರರ ಹೆಸರು ತೆಗೆಯಲು ಆನ್‌ಲೈನ್ ಅರ್ಜಿಗಳು ಬಂದವು. ಮತಗಟ್ಟೆ ಅಧಿಕಾರಿಯೊಬ್ಬರು ತಮ್ಮ ಸಂಬಂಧಿಕರ ಹೆಸರೇ ತೆಗೆಯುವ ಅರ್ಜಿ ನೋಡಿ, ಇದೇನಿದು ಅಂತ ವಿಚಾರಿಸಿದಾಗ ವಿಷಯ ಬಯಲಾಯಿತು. ಪರಿಶೀಲಿಸಿದರೆ ಸರಿಯಾದ ಅರ್ಜಿ 24 ಮಾತ್ರ, ಉಳಿದ 5,994 ಹೆಸರು ಪಟ್ಟಿಯಲ್ಲೇ ಉಳಿದವು. 2025ರ ಸೆಪ್ಟೆಂಬರ್‌ನಲ್ಲಿ ರಾಹುಲ್ ಗಾಂಧಿ ಪತ್ರಿಕಾಗೋಷ್ಠಿ ಮಾಡಿದ ಮೇಲೆ ದೇಶಕ್ಕೆಲ್ಲ ಆಳಂದ ಗೊತ್ತಾಯಿತು. ಅಲ್ಲಿ ಓಟು ಉಳಿಸಿದ್ದು ಒಬ್ಬ ನೇಮಕಗೊಂಡ ಸಾಮಾನ್ಯ ನೌಕರರ ಎಚ್ಚರ. ಅವರಿಗೆ ನಮಸ್ಕಾರ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದು. 6,018 ಓಟು ಕಳವಾಗಲಿತ್ತು ಅಂತ ದೇಶವೇ ಎದ್ದು ನಿಂತಿತು, ನಿಲ್ಲಬೇಕಾದದ್ದೇ. ಅದೇ ಆಳಂದದಲ್ಲಿ ಜಿಲ್ಲಾ ಪಂಚಾಯಿತಿಗೆ ಹಾಕಬೇಕಿದ್ದ ಪ್ರತಿಯೊಬ್ಬ ಮತದಾರನ ಓಟು 2021ರಿಂದ ಮಾಯವಾಗಿದೆ. ಇದಕ್ಕೆ ಪತ್ರಿಕಾಗೋಷ್ಠಿ ಎಲ್ಲಿ? ಎಸ್‌ಐಟಿ ಎಲ್ಲಿ? ಒಂದು ಪಕ್ಷ ತುಟಿ ಬಿಚ್ಚಲಿಲ್ಲ. ಯಾಕಂದರೆ ಈ ಅವಧಿಯಲ್ಲಿ ಬಿಜೆಪಿಯೂ ಆಳಿದೆ, ಕಾಂಗ್ರೆಸ್ಸೂ ಆಳುತ್ತಿದೆ. ಖಾಲಿ ಕುರ್ಚಿ ಇಬ್ಬರಿಗೂ ಅನುಕೂಲ.

ನೆಪಗಳಿಗೇನೂ ಕೊರತೆ ಇಲ್ಲ. ಮೊದಲು ಕೋವಿಡ್ ಅಂದರು. ಅದೇ ಕೋವಿಡ್ ನಡುವೆ 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಿತ್ತು. ಆಮೇಲೆ ಕ್ಷೇತ್ರ ಪುನರ್ವಿಂಗಡಣೆ ಅಂದರು. ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿದ್ದ ಆ ಕೆಲಸ ಕಿತ್ತು ಸರ್ಕಾರವೇ ರಚಿಸಿದ ಇನ್ನೊಂದು ಆಯೋಗಕ್ಕೆ ಕೊಟ್ಟರು. ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿ ನಿಗದಿ ಆಗಬೇಕು ಅಂದರು. ಆಮೇಲೆ ಕೋರ್ಟಿನಲ್ಲಿ ಕೇಸು. ಇದರ ನಡುವೆ 2023ರ ವಿಧಾನಸಭೆಗೆ, 2024ರ ಲೋಕಸಭೆಗೆ ಒಂದು ದಿನ ತಡವಾಗದೆ ಚುನಾವಣೆ ನಡೆಯಿತು. ಸಂವಿಧಾನದ 243(ಇ) ವಿಧಿ ಪಂಚಾಯಿತಿಗಳ ಬಗ್ಗೆಯೂ ಅಷ್ಟೇ ಸ್ಪಷ್ಟವಾಗಿದೆ: ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯುವ ಮುಂಚೆ ಹೊಸ ಚುನಾವಣೆ ಮುಗಿದಿರಬೇಕು. ಅನುಕೂಲ ಇದ್ದರೆ ಮಾಡಿ ಅಂತ ಅಲ್ಲೇನೂ ಬರೆದಿಲ್ಲ.

“ಚುನಾವಣೆ ಅಂದ್ರೆ ಜಾತಿ, ಹೆಂಡ, ದುಡ್ಡು. ಐಎಎಸ್ ಅಧಿಕಾರಿ ಇದ್ದರೆ ಅಚ್ಚುಕಟ್ಟು” ಅನ್ನುವವರು ನಮ್ಮ ವೃತ್ತಿಯ ಜನರಲ್ಲೇ ಹೆಚ್ಚು. ನಾವು ಎಕ್ಸೆಲ್ ಶೀಟ್ ಪ್ರಿಯರು, ನೋಡಿ. ಜಾತಿ, ದುಡ್ಡು ಇರುವುದು ನಿಜ. ಆದರೆ ನೇಮಕದಲ್ಲಿ ಜಾತಿ ಲೆಕ್ಕ ಇಲ್ಲವೇ? ನಿಗಮ-ಮಂಡಳಿ ಪಟ್ಟಿ ಬಂದ ದಿನ ಯಾವ ಪತ್ರಿಕೆ ಓದಿದರೂ ಮೊದಲು ಕಾಣುವುದು ಯಾವ ಸಮುದಾಯಕ್ಕೆ ಎಷ್ಟು ಅನ್ನುವ ಲೆಕ್ಕ. ನೇಮಕದ ಕೊಳೆ ಬಾಗಿಲ ಹಿಂದೆ ಇರುತ್ತದೆ, ಚುನಾವಣೆಯ ಕೊಳೆ ಬೀದಿಯಲ್ಲಿ ಇರುತ್ತದೆ. ಬೀದಿಯ ಕೊಳೆಯನ್ನು ಕಂಡು ಗುಡಿಸಬಹುದು.

ಇನ್ನು “ಹಳ್ಳಿ ಜನಕ್ಕೆ ಆರಿಸುವ ಬುದ್ಧಿ ಇಲ್ಲ” ಅನ್ನುವ ಗುಟ್ಟಿನ ಮಾತು. ಈ ಮೂರು ತಾಲ್ಲೂಕಿನ ಚರಿತ್ರೆ ಸ್ವಲ್ಪ ನೋಡಿ. ದಶಕಗಳ ಕಾಲ ಗೆದ್ದು ಮುಖ್ಯಮಂತ್ರಿಯೂ ಆದ ಧರ್ಮಸಿಂಗ್ ಅವರನ್ನು ಜೇವರ್ಗಿ 2008ರಲ್ಲಿ ಸೋಲಿಸಿತು. ಹಲವು ಸಲ ಗೆದ್ದ ಮಾಲೀಕಯ್ಯ ಗುತ್ತೇದಾರರನ್ನು ಅಫಜಲಪುರ 2018ರಲ್ಲಿ ಸೋಲಿಸಿತು. ಅದೇ ವರ್ಷ ಆಳಂದ ಬಿ.ಆರ್. ಪಾಟೀಲರನ್ನು 697 ಮತಗಳಿಂದ ಮನೆಗೆ ಕಳಿಸಿ, 2023ರಲ್ಲಿ ಮತ್ತೆ ಕರೆದು ತಂದಿತು. ಎಂಥ ದೊಡ್ಡವರಿಗೂ ಲೆಕ್ಕ ಕೇಳುವ ಜನ ಇವರು. ಇವರಿಗೆ 5,000 ಕೋಟಿಯ ಕುರ್ಚಿಯ ಬಗ್ಗೆ ಮಾತ್ರ ಬಾಯಿ ಇರಬಾರದು ಅಂದರೆ ಹೇಗೆ?

ಅಧಿಕಾರಿಯ ಅಚ್ಚುಕಟ್ಟಿನ ವಾದಕ್ಕೂ ನಮ್ಮ ರಾಜ್ಯದಲ್ಲೇ ಉತ್ತರ ಇದೆ. ‘ನೀರ್ ಸಾಬ್’ ಅಂತ ಜನ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಚುನಾಯಿತ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೆಳಗೆ ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಮುಖ್ಯ ಕಾರ್ಯದರ್ಶಿ. ತೀರ್ಮಾನ ಚುನಾಯಿತರದ್ದು, ಕಾರ್ಯಾಚರಣೆ ಅಧಿಕಾರಿಯದ್ದು. 73ನೇ ತಿದ್ದುಪಡಿ ಬರುವ ಮುಂಚೆಯೇ ಕರ್ನಾಟಕ ಇದನ್ನು ಮಾಡಿ ತೋರಿಸಿತ್ತು. ಆ ಅಧ್ಯಕ್ಷರು ತಮ್ಮ ಸಮಕ್ಕೆ ಬೆಳೆಯುತ್ತಾರೆ ಅಂತ ಶಾಸಕರಿಗೆ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯಿತು. ಆಮೇಲಿನ ಮೂರು ದಶಕದ ಕಥೆ ಎಂದರೆ ಆ ಕುರ್ಚಿಯ ಕಾಲು ಒಂದೊಂದೇ ಕೊಯ್ದದ್ದು.

ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಪಂಚಾಯಿತಿ ಕಾಯ್ದೆಯಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಇವತ್ತು ಆಳಂದ, ಅಫಜಲಪುರ, ಜೇವರ್ಗಿ ಮೂರಕ್ಕೂ ಗಂಡು ಶಾಸಕರು. ಜಿಲ್ಲಾ ಪಂಚಾಯಿತಿ ಖಾಲಿ ಬಿಟ್ಟರೆ, ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಕಲಿತ ಹೆಣ್ಣುಮಗಳಿಗೆ ಮೇಲೆ ಹತ್ತಲು ಇದ್ದ ಏಣಿಯನ್ನೇ ತೆಗೆದಂತೆ.

ಏನು ಮಾಡಬೇಕು? ಎರಡೇ ಕೆಲಸ. ಒಂದು, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗೆ ತಕ್ಷಣ ಚುನಾವಣೆ. ಮುಂದೆ ಅವಧಿ ಮುಗಿಯುವ ದಿನಾಂಕವನ್ನು ಸರ್ಕಾರ ಮುಟ್ಟದಂತೆ, ಪುನರ್ವಿಂಗಡಣೆ ಮತ್ತು ಮೀಸಲು ಪಟ್ಟಿ ಎರಡೂ ರಾಜ್ಯ ಚುನಾವಣಾ ಆಯೋಗದ ಕೈಗೆ. ಎರಡು, ಕಲ್ಯಾಣ ಕರ್ನಾಟಕ ಮಂಡಳಿಯ ಅಧ್ಯಕ್ಷರನ್ನು 7 ಜಿಲ್ಲೆಗಳ ಜಿಲ್ಲಾ ಪಂಚಾಯಿತಿ ಸದಸ್ಯರು, ನಗರಸಭೆ-ಪಾಲಿಕೆ ಸದಸ್ಯರು ಮತ್ತು 41 ಶಾಸಕರು ಸೇರಿ ಗುಪ್ತ ಮತದಾನದಿಂದ ಆರಿಸಲಿ. ನಿಶ್ಚಿತ ಅವಧಿ ಇರಲಿ, ಬೆಂಗಳೂರಿನಲ್ಲಿ ಸರ್ಕಾರ ಬಿದ್ದರೂ ಎದ್ದರೂ ಅಲುಗಾಡಬಾರದು. ಆರಿಸಿದವರೇ ಅವಿಶ್ವಾಸದಿಂದ ಇಳಿಸುವಂತಿರಲಿ. ಮಂಡಳಿಯ ಕಾರ್ಯದರ್ಶಿ ಈಗಿನಂತೆ ಐಎಎಸ್ ಅಧಿಕಾರಿಯೇ ಇರಲಿ. ಇದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. 371(ಜೆ) ಮಂಡಳಿ ಬೇಕು, ಪ್ರತಿ ವರ್ಷ ಅದರ ಕೆಲಸದ ವರದಿ ವಿಧಾನಸಭೆ ಮುಂದೆ ಬರಬೇಕು ಅನ್ನುತ್ತದೆ. ಅಧ್ಯಕ್ಷರನ್ನು ಮೇಲಿನಿಂದಲೇ ಇಳಿಸಬೇಕು ಅನ್ನುವುದಿಲ್ಲ.

ಇದೆಲ್ಲ ದೂರದ ಕಲಬುರಗಿಯ ಗೋಳು ಅಂದುಕೊಂಡು ಇಲ್ಲಿಯವರೆಗೆ ಓದಿದ ಬೆಂಗಳೂರಿನ ಮಿತ್ರರಿಗೆ ಕೊನೆಯ ಪ್ರಶ್ನೆ. ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು? ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅಂದಿನಿಂದ ನಿಮಗೂ ಆಡಳಿತಾಧಿಕಾರಿಯೇ. ಈಗ ಪಾಲಿಕೆಯನ್ನು ಐದು ಹೋಳು ಮಾಡಿ, ಮೇಲೊಂದು ಪ್ರಾಧಿಕಾರ ಕೂರಿಸಿ, ಮುಖ್ಯಮಂತ್ರಿಗಳೇ ಅದರ ಅಧ್ಯಕ್ಷರಾಗಿದ್ದಾರೆ. ಗುಂಡಿ ಬಿದ್ದ ರಸ್ತೆಯ ಫೋಟೋ ಹಾಕಿ ನೀವು ಯಾರನ್ನೋ ಟ್ಯಾಗ್ ಮಾಡ್ತೀರಿ, ಸರಿ. ಆದರೆ ಆ ಯಾರನ್ನೋ ಇಳಿಸುವ ಓಟು ನಿಮ್ಮ ಕೈಯಲ್ಲಿ ಇದೆಯೇ? ನಮ್ಮ ಕಾಕಾನ ಪ್ರಶ್ನೆ ನಿಮ್ಮದೂ ಹೌದು. ಭೀಮಾ ದಂಡೆಗೂ ಬೆಳ್ಳಂದೂರು ಕೆರೆ ದಂಡೆಗೂ ಈ ಒಂದು ವಿಷಯದಲ್ಲಿ ಸರ್ಕಾರ ಯಾವ ತಾರತಮ್ಯವನ್ನೂ ಮಾಡಿಲ್ಲ.

ಮುಂದಿನ ಸಲ ಓಟು ಕೇಳಲು ಬಂದವರಿಗೆ ರಸ್ತೆ, ಚರಂಡಿ ಕೇಳುವ ಮುಂಚೆ ಒಂದು ಮಾತು ಕೇಳಿ: “ನಮ್ಮ ಇನ್ನೊಂದು ಓಟು ಯಾವಾಗ ವಾಪಸ್ ಕೊಡ್ತೀರಿ?”